ಭಾಷಾವಿಜ್ಞಾನಕ್ಕೆ ನಾನು ಬರೆದ ಸಂಬಳ

ನಾನು ಬ್ಯಾಂಕಿನಿಂದ ನಿವೃತ್ತಳಾದ ದಿವಸ ಶಾಲು ಹೊದಿಸಿದವರು, ಸುನಂದಾ ಮೇಡಂ ಎಷ್ಟೋ ಬಡಮಕ್ಕಳನ್ನು ಓದಿಸಿದ್ದಾರೆ ಎಂದು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಓದಿಸಿದ್ದು ನಾನಲ್ಲ, ಓದುವುದಕ್ಕೆ ಸಾಲ ಕೊಟ್ಟವಳು. ಆ ಎರಡರ ನಡುವೆ ಎಷ್ಟು ದೂರ ಉಂಟು ಎಂದು ಗೊತ್ತಾಗುವಾಗ ನನಗೆ ಐವತ್ತೆಂಟು ಕಳೆದಿತ್ತು.

ಈಗ ಶಿಕ್ಷಣ ಸಾಲದ ಮೇಜಿಗೆ ಅಧಿಕಾರಿಗಳಾಗಿ ಬರುವ ಮಕ್ಕಳು ನಮಗಿಂತ ಚುರುಕು. ನಾವು ಒಂದು ವಾರ ತೆಗೆದುಕೊಳ್ಳುತ್ತಿದ್ದ ಕೆಲಸವನ್ನು ಅವರು ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಾರೆ. ಅವರಿಗೆ ನನ್ನ ಬಡ್ತಿ, ವರ್ಗಾವಣೆಯ ಕತೆ ಬೇಡ. ಒಂದು ಫೈಲಿನ ಕತೆ ಮಾತ್ರ ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಅದರಲ್ಲಿ ತಪ್ಪು ಮಾಡಿದವಳು ನಾನೇ ಆದ್ದರಿಂದ ಹೇಳುವ ಹಕ್ಕೂ ನನಗೇ ಉಂಟು ಎಂದುಕೊಂಡಿದ್ದೇನೆ.

ನನ್ನ ಊರು ಎಲ್ಲೂರು. ಮಣಿಪಾಲದ ಶಾಖೆಯಲ್ಲಿ ನಾನು ಮೊದಲು ಶಿಕ್ಷಣ ಸಾಲ ನೋಡಿದ್ದು. ಅಲ್ಲಿ ಬರುತ್ತಿದ್ದವರು ಹೆಚ್ಚಾಗಿ ಇಂಜಿನಿಯರಿಂಗ್, ಮೆಡಿಕಲ್ ಮಕ್ಕಳು. ಅಪ್ಪ ಗಲ್ಫಿನಲ್ಲಿ ಇರುತ್ತಿದ್ದರು, ಅಮ್ಮ ಜಾಗದ ಆರ್‌ಟಿಸಿ ಹಿಡಿದುಕೊಂಡು ಬರುತ್ತಿದ್ದರು. ಅರ್ಜಿಯಲ್ಲಿ ಒಂದು ಅಂಕಣ ಇತ್ತು: ಕೋರ್ಸು ಮುಗಿದ ಮೇಲೆ ನಿರೀಕ್ಷಿಸುವ ಸಂಬಳ. ಒಬ್ಬ ಹುಡುಗ ಅದರಲ್ಲಿ ಭಾರೀ ದೊಡ್ಡ ಮೊತ್ತ ಬರೆದಿದ್ದ. ಇದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮುಂದೆ ನಿಂತವರ ಅರ್ಜಿ ನೋಡಿ ಬರೆದೆ ಎಂದ. ನಾನು ನಕ್ಕು ಸೀಲು ಹಾಕಿದೆ. ಅವನಿಗೆ ಕೆಲಸ ಸಿಕ್ಕಿತು, ಸಾಲವೂ ತೀರಿತು. ಆ ಅಂಕಣವನ್ನು ಯಾರೂ ಓದುವುದಿಲ್ಲ ಎಂಬ ಪಾಠ ನನಗೆ ಅಲ್ಲಿ ಸಿಕ್ಕಿತು. ತಪ್ಪು ಪಾಠ.

ಅಲ್ಲಿಂದ ಕಾರ್ಕಳಕ್ಕೆ ಹೋದೆ. ಅಲ್ಲಿಯ ಮ್ಯಾನೇಜರ್ ಪ್ರಭು ಸರ್. ಒಳ್ಳೆಯ ಮನುಷ್ಯ, ಆದರೆ ಕೋರ್ಸುಗಳನ್ನು ಎರಡೇ ಜಾತಿ ಮಾಡಿಟ್ಟಿದ್ದರು: ಕೆಲಸ ಸಿಕ್ಕುವುದು, ಕೆಲಸ ಸಿಕ್ಕದ್ದು. ನರ್ಸಿಂಗ್ ಎಂದರೆ ಕಣ್ಣು ಮುಚ್ಚಿ ಸಹಿ. ಬಿ.ಎ., ಎಂ.ಎ. ಎಂದರೆ ಕನ್ನಡಕ ತೆಗೆದು ಒರೆಸಲು ಶುರು.

ರೇಣುಕಾ ಬಂದದ್ದು ಅಲ್ಲಿಗೆ. ಅಪ್ಪ ಬಸಪ್ಪ, ಅಮ್ಮ ಯಲ್ಲವ್ವ ಬಾಗಲಕೋಟೆ ಕಡೆಯವರು. ಅವಳು ಮೂರು ವರ್ಷದ ಮಗುವಾಗಿದ್ದಾಗ ಕಲ್ಲಿನ ಕೋರೆಯ ಕೆಲಸಕ್ಕೆಂದು ಬಂದು ಕುಕ್ಕುಂದೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಹುಡುಗಿ ಸರಕಾರಿ ಶಾಲೆಯಲ್ಲಿ ಓದಿ ಕಾರ್ಕಳದಲ್ಲಿ ಡಿಗ್ರಿ ಮುಗಿಸಿದ್ದಳು. ಮನೆಯಲ್ಲಿ ಉತ್ತರ ಕರ್ನಾಟಕದ ಕನ್ನಡ, ಬೀದಿಯಲ್ಲಿ ತುಳು. ಅಮ್ಮ ಮನೆಗೆಲಸಕ್ಕೆ ಹೋಗುತ್ತಿದ್ದ ಮನೆಯಿಂದ ಕೊಂಕಣಿ, ಬೆಂಚಿನ ಗೆಳತಿಯಿಂದ ಬ್ಯಾರಿ. ನನ್ನ ಹತ್ತಿರ ಅವಳು ಮಾತಾಡಿದ ತುಳು ಕೇಳಿ, ಇವಳು ಇಲ್ಲಿಯವಳಲ್ಲ ಎಂದು ನನಗೆ ಗೊತ್ತಾಗಲೇ ಇಲ್ಲ. ಎಲ್ಲೂರಿನವರ ಹಾಗೆ ಮಾತಾಡ್ತೀಯಲ್ಲ ಎಂದೆ. ಇಲ್ಲ ಮೇಡಂ, ನೀವು ಹಾಗೆ ಮಾತಾಡ್ತೀರಿ, ಅದಕ್ಕೆ ನಾನೂ ಹಾಗೆ ಮಾತಾಡಿದೆ ಎಂದಳು.

ಅವಳಿಗೆ ಹೈದರಾಬಾದಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಎಂ.ಎ.ಗೆ ಸೀಟು ಸಿಕ್ಕಿತ್ತು. ಶುಲ್ಕ, ಹಾಸ್ಟೆಲು ಸೇರಿ ನಾಲ್ಕು ಲಕ್ಷ ಬೇಕಿತ್ತು. ಪ್ರಭು ಸರ್ ಕನ್ನಡಕ ತೆಗೆದರು.

“ಅಲ್ಲಿ ಎಷ್ಟು ಭಾಷೆ ಕಲಿಸ್ತಾರೆ?” ಎಂದು ಕೇಳಿದರು.

“ಭಾಷೆ ಕಲಿಸುವುದಿಲ್ಲ ಸರ್. ಭಾಷೆ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಸ್ತಾರೆ.”

ಸರ್ ನನ್ನ ಮುಖ ನೋಡಿದರು. ನಾಲ್ಕು ಲಕ್ಷ ಕೊಟ್ಟು ಒಂದು ಭಾಷೆಯೂ ಬರುವುದಿಲ್ಲವಾ ಎಂದು ಅವರಿಗೆ ನಿಜವಾಗಿಯೂ ಆಘಾತವಾಗಿತ್ತು. ನನಗೂ ಆಗಿತ್ತು, ತೋರಿಸಿಕೊಳ್ಳಲಿಲ್ಲ. ಹುಡುಗಿ ಹೊರಗೆ ಹೋದ ಮೇಲೆ, ನೀವೇ ನೋಡಿ ಮೇಡಂ, ಲೆಕ್ಕ ಕೂಡಿಬಂದರೆ ಸಹಿ ಮಾಡುತ್ತೇನೆ ಎಂದು ಫೈಲನ್ನು ನನ್ನ ಕಡೆ ತಳ್ಳಿದರು.

ನಿರೀಕ್ಷಿತ ಸಂಬಳದ ಅಂಕಣದಲ್ಲಿ ಅವಳು ‘ಗೊತ್ತಿಲ್ಲ’ ಎಂದು ಬರೆದಿದ್ದಳು. ಹಾಗೆ ಬರೆದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಫೈಲು ಹಾಗೆಯೇ ಮೇಲೆ ಹೋದರೆ ವಾಪಸು ಬರುವುದು ಖಂಡಿತ. ಹುಡುಗಿ ಬುದ್ಧಿವಂತೆ, ಜೊತೆಗೆ ಬಂದ ಅಪ್ಪನ ಅಂಗೈ ಕಲ್ಲು ಹೊತ್ತು ಒಡೆದಿತ್ತು. ನಾನು ಕಂತು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದೆ. ಅಷ್ಟು ಕಂತು ಕಟ್ಟಿಯೂ ಬದುಕಲು ಸಂಬಳ ಎಷ್ಟಿರಬೇಕು ಎಂದು ಹಿಂದಿನಿಂದ ಲೆಕ್ಕ ಹಾಕಿದೆ. ಮೂವತ್ತೈದು ಸಾವಿರ ಬಂತು. ಹೊಸ ಫಾರಂ ತೆಗೆದು ಅದನ್ನೇ ಬರೆದು ಅವಳಿಂದ ಸಹಿ ಹಾಕಿಸಿದೆ. ಭಾಷಾವಿಜ್ಞಾನ ಓದಿದವರಿಗೆ ಹೊರಗೆ ಎಷ್ಟು ಕೊಡುತ್ತಾರೆ ಎಂದು ಒಬ್ಬರನ್ನೂ ಕೇಳಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆಯಿತ್ತಲ್ಲ, ಅದರಲ್ಲಿ ಕೇಳುವುದು ಹೊಳೆಯಲೇ ಇಲ್ಲ.

ಸಹಿಯ ದಿನ ಬಸಪ್ಪ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಕಾಗದಗಳೆಲ್ಲ ಇಂಗ್ಲಿಷಿನಲ್ಲಿ. ಹೊರಗೆ ಸಾಲು ಇತ್ತು. ಸಾಲ ಹೇಗೆ ತೀರಿಸಬೇಕು ಎಂದು ಅವನು ಕೇಳಿದ. ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಅವನಿಗೂ ಹೇಳಿದೆ: “ಕೆಲಸ ಸಿಕ್ಕಿದ ಮೇಲೆ ಕಟ್ಟಿದರೆ ಸಾಕು. ಈಗ ಏನೂ ಕಟ್ಟಬೇಕಾಗಿಲ್ಲ.” ಅವನು ಕೈ ಮುಗಿದ. ಅವಳ ಹೆಸರಿನಲ್ಲಿ ಒಂದು ಉಳಿತಾಯ ಖಾತೆಯನ್ನೂ ತೆರೆದು ಪಾಸ್‌ಬುಕ್ಕನ್ನು ಅವನ ಕೈಗೆ ಕೊಟ್ಟೆ.

ಆಮೇಲೆ ನನಗೆ ಕಾಪುವಿಗೆ ವರ್ಗವಾಯಿತು. ಆ ವರ್ಷಗಳಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಯಿತು. ಮೊದಲು ಕಂತು ತಪ್ಪಿದರೆ ನಾವೇ ಪೋಸ್ಟ್ ಕಾರ್ಡು ಬರೆಯುತ್ತಿದ್ದೆವು, ಸಂತೆಯಲ್ಲಿ ಸಿಕ್ಕಿದರೆ ಎಂತ ಕತೆ ಎಂದು ಕೇಳುತ್ತಿದ್ದೆವು. ಈಗ ಎಲ್ಲ ಕಂಪ್ಯೂಟರಿನಲ್ಲಿ. ಯಾವುದೋ ಊರಿನಲ್ಲಿ ಕಾಗದ ಅಚ್ಚಾಗಿ, ಯಾರೂ ಸಹಿ ಹಾಕದೆ, ಅಂಚೆಗೆ ಹೋಗುತ್ತದೆ. ಮೊಬೈಲಿಗೆ ಸಂದೇಶ ಹೋಗುತ್ತದೆ. ನಂಬರು ಬದಲಾಗಿದ್ದರೆ ಅದು ಯಾರಿಗೆ ಹೋಯಿತೋ ದೇವರೇ ಬಲ್ಲ. ನನಗೆ ಆಗ ಇದೆಲ್ಲ ದೊಡ್ಡ ಅನುಕೂಲವಾಗಿ ಕಂಡಿತ್ತು. ಸಾಲದವರ ಮುಖ ನೋಡಿ ಹಣ ಕೇಳುವ ಕಷ್ಟ ತಪ್ಪಿತಲ್ಲ.

ಕೊನೆಯದಾಗಿ ಉಡುಪಿಯ ಪ್ರಾದೇಶಿಕ ಕಚೇರಿಗೆ ಬಂದೆ, ವಸೂಲಿ ವಿಭಾಗಕ್ಕೆ. ಮೂರು ತಿಂಗಳು ಕಂತು ಬಾರದ ಖಾತೆಗಳ ಪಟ್ಟಿ ಪ್ರತಿ ತಿಂಗಳು ಬರುತ್ತಿತ್ತು. ಅಂಥ ಖಾತೆಗೆ ಎನ್‌ಪಿಎ ಎನ್ನುತ್ತೇವೆ, ಸತ್ತ ಸಾಲ ಎಂದರೆ ತಪ್ಪಲ್ಲ. ಒಂದು ಬೆಳಿಗ್ಗೆ ಆ ಪಟ್ಟಿಯಲ್ಲಿ ರೇಣುಕಾಳ ಹೆಸರು ಕಂಡೆ. ನಾಲ್ಕು ಲಕ್ಷದ ಸಾಲ ಬಡ್ಡಿ ಸೇರಿ ಐದು ಲಕ್ಷ ದಾಟಿತ್ತು. ಕಟ್ಟಿದ್ದು ಸೊನ್ನೆ. ಒಂದು ರೂಪಾಯಿಯೂ ಇಲ್ಲ. ಆ ಹುಡುಗಿ ಹೀಗೆ ಮಾಡಿದಳಾ ಎಂದು ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಾನೇ ಹೋಗಿ ಬರುತ್ತೇನೆ ಎಂದು ಕಾರ್ಕಳದ ಬಸ್ಸು ಹತ್ತಿದೆ.

ಕುಕ್ಕುಂದೂರಿನಲ್ಲಿ ಅದೇ ಕೋಣೆ. ಭಾನುವಾರವಲ್ಲದಿದ್ದರೂ ಬಸಪ್ಪ ಮನೆಯಲ್ಲಿದ್ದ. ಹಿಂದಿನ ವಾರ ಲಾರಿಯಿಂದ ಕಲ್ಲು ಇಳಿಸುವಾಗ ಕಾಲ್ಬೆರಳಿಗೆ ಪೆಟ್ಟಾಗಿ ಬಟ್ಟೆ ಸುತ್ತಿಕೊಂಡಿದ್ದ. ನನ್ನನ್ನು ಕಂಡು ಎದ್ದು ನಿಂತ. ಯಲ್ಲವ್ವ ಪಕ್ಕದ ಮನೆಯಿಂದ ಕುರ್ಚಿ ತಂದಳು. ನಾನು ಮಾತು ಎಲ್ಲಿಂದ ಶುರು ಮಾಡುವುದೆಂದು ಯೋಚಿಸುವುದರೊಳಗೆ ಅವನೇ ಶುರು ಮಾಡಿದ.

“ಒಂದ್ ತಿಂಗಳಾನೂ ತಪ್ಪಿಸಿಲ್ರಿ ಮೇಡಮ್ಮಾರ. ತಿಂಗಳಿಗೆ ಐದ್ ಸಾವಿರ. ಎಲ್ಲಾ ಪಾವತಿ ಜ್ವಾಕಿ ಮಾಡಿ ಇಟ್ಟೀನ್ರಿ.”

ಗೋಡೆಯ ಮೊಳೆಯಿಂದ ಒಂದು ಪ್ಲಾಸ್ಟಿಕ್ ಚೀಲ ಇಳಿಸಿ ನನ್ನ ತೊಡೆಯ ಮೇಲೆ ಇಟ್ಟ. ಅದರಲ್ಲಿ ನಮ್ಮ ಬ್ಯಾಂಕಿನ ಆರು ಕಾಗದಗಳು, ಒಂದೊಂದನ್ನೂ ಬಿಚ್ಚಿ, ನೆಟ್ಟಗೆ ಮಾಡಿ, ಮತ್ತೆ ಲಕೋಟೆಗೆ ಹಾಕಿಟ್ಟದ್ದು. ಮೊದಲನೆಯದು ಕಂತು ಶುರುವಾಗುತ್ತದೆ ಎಂಬ ತಿಳಿವಳಿಕೆ. ನಂತರದವು ಕಂತು ಬಂದಿಲ್ಲ ಎಂಬ ನೋಟೀಸುಗಳು. ಕೊನೆಯದರಲ್ಲಿ ಕಾನೂನು ಕ್ರಮದ ಎಚ್ಚರಿಕೆ. ಎಲ್ಲ ಇಂಗ್ಲಿಷಿನಲ್ಲಿ. ಬ್ಯಾಂಕಿನ ಗುರುತು ಇತ್ತು, ಮಗಳ ಹೆಸರು ಇತ್ತು, ಹಣದ ಅಂಕಿ ಇತ್ತು. ಹಣ ಹಾಕಿದ ಮೇಲೆ ಬಂದ ಕಾಗದ ರಸೀದಿಯಲ್ಲದೆ ಇನ್ನೇನು ಎಂದು ಅವನು ತಿಳಿದಿದ್ದ.

ಹಾಗಾದರೆ ಹಣ ಎಲ್ಲಿ ಹೋಯಿತು? ಚೀಲದ ತಳದಲ್ಲಿ ಹಣ ಕಟ್ಟಿದ ಚೀಟಿಗಳ ಅರ್ಧ ಭಾಗಗಳು ಇದ್ದವು, ಹದಿನೈದು ತಿಂಗಳಿನವು. ನಾನು ಖಾತೆಯ ಸಂಖ್ಯೆ ನೋಡಿದೆ. ಅದು ಸಾಲದ ಖಾತೆಯಲ್ಲ, ನಾನೇ ತೆರೆದುಕೊಟ್ಟ ಉಳಿತಾಯ ಖಾತೆ.

ಕೇಳುತ್ತ ಹೋದ ಹಾಗೆ ಎಲ್ಲ ಗೊತ್ತಾಯಿತು. ರೇಣುಕಾಳ ಪರೀಕ್ಷೆ ಮುಗಿದ ಸಮಯದಲ್ಲಿ ಕೋರೆಯ ಮೇಸ್ತ್ರಿ, ಬ್ಯಾಂಕಿನ ಸಾಲಕ್ಕೆ ಬಡ್ಡಿ ಓಡುತ್ತಾ ಇರುತ್ತದೆ ಮಾರಾಯ ಎಂದು ಇವನಿಗೆ ಹೇಳಿದ್ದರಂತೆ. ಏನೂ ಕಟ್ಟಬೇಕಾಗಿಲ್ಲ ಎಂದು ನಾನು ಹೇಳಿದ್ದರಿಂದ ಬಡ್ಡಿಯೇ ಇಲ್ಲವೆಂದು ಅವನು ಅದುವರೆಗೆ ನಿಶ್ಚಿಂತನಾಗಿದ್ದ. ಗಾಬರಿಯಾಗಿ, ಭಾನುವಾರ ಲಾರಿ ಇಳಿಸುವ ಕೆಲಸಕ್ಕೂ ಹೋಗಲು ಶುರು ಮಾಡಿದ. ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ, ಪಾಸ್‌ಬುಕ್ಕು ತೋರಿಸಿ, ಮಗಳ ಖಾತೆಗೆ ಎನ್ನುತ್ತಿದ್ದ. ಯಾರಾದರೂ ಚೀಟಿ ತುಂಬಿಕೊಡುತ್ತಿದ್ದರು. ಮಗಳಿಗೆ ಎರಡು ಖಾತೆ ಉಂಟೆಂದು ಅವನಿಗೆ ಯಾರು ಹೇಳಬೇಕಿತ್ತು? ನಾನು.

ಮಗಳಿಗೆ ಫೋನ್ ಮಾಡು ಎಂದೆ. ಅವನು ಮೊಬೈಲನ್ನು ನೆಲದ ಮೇಲಿಟ್ಟು ಧ್ವನಿ ಜೋರು ಮಾಡಿದ.

“ರೇಣವ್ವಾ, ನಾ ಹಾಕಿದ ರೊಕ್ಕ ಬ್ಯಾಂಕಿನವರು ಹಿಡಕೊಂಡಾರಿಲ್ಲ?”

“ಯಾವ ಬ್ಯಾಂಕಿನವರು ಅಪ್ಪಾ? ಅದು ನೀ ನನಗ ಕಳಿಸಿದ್ದಲ್ಲಾ? ಬಾಡಿಗಿಗೆ, ಊಟಕ್ಕ ತಗದೀನಿ.”

ಪ್ರತಿ ತಿಂಗಳು ಅವನು ರೊಕ್ಕ ಹಾಕೀನಿ ಎನ್ನುತ್ತಿದ್ದ, ಅವಳು ಬಂತಪ್ಪಾ ಎನ್ನುತ್ತಿದ್ದಳು. ಅಷ್ಟೇ ಮಾತು. ಅವಳಿಗೆ ಕೆಲಸ ಸಿಕ್ಕಿರಲಿಲ್ಲ. ಯಾರೋ ಮಾತಾಡಿದ್ದನ್ನು ಕೇಳಿ ಅಕ್ಷರಕ್ಕಿಳಿಸುವ ಬಿಡಿ ಕೆಲಸ ಮಾಡುತ್ತಿದ್ದಳು, ಗಂಟೆ ಲೆಕ್ಕದಲ್ಲಿ ದುಡ್ಡು. ಅದು ಬಾಡಿಗೆಗೂ ಸಾಲುತ್ತಿರಲಿಲ್ಲ. ಅಪ್ಪ ಹೇಗೋ ತಿಳಿದು, ತನ್ನ ಮಾನ ಕಾಯಲು ಕೇಳದೆಯೇ ಕಳಿಸುತ್ತಿದ್ದಾನೆ ಎಂದುಕೊಂಡಿದ್ದಳು.

“ಹಂಗಾರ ಅದು ಸಾಲಕ್ಕ ಕಟ್ಟಿದ್ದಾ ಅಪ್ಪಾ?” ಎಂದು ಅವಳು ಕೇಳಿದಳು. ಅವಳಿಗೆ ಅರ್ಥವಾಗುತ್ತಿದೆ ಎಂದು ನನಗೆ ಗೊತ್ತಾಯಿತು. ಯಲ್ಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬಸಪ್ಪ ಬಗ್ಗಿ ಮೊಬೈಲಿನ ಹತ್ತಿರ ಬಾಯಿ ತಂದು, “ಉಂಡಿ ಹೌದಿಲ್ಲ? ಆತು ಬಿಡವ್ವಾ” ಎಂದ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಕೂತವಳಿಗೆ ಆ ದಿನ ಹೇಗೆ ಎದ್ದು ಬಂದೆ ಎಂಬುದು ನೆನಪಿಲ್ಲ. ಬಸ್ಸು ಉಡುಪಿ ತಲುಪಿದರೂ ಇಳಿಯದೆ ಕೂತಿದ್ದೆ, ಕಂಡಕ್ಟರ್ ಬಂದು ಎಬ್ಬಿಸಿದ.

ನಾಲ್ಕು ದಿನದಲ್ಲಿ ರೇಣುಕಾ ಉಡುಪಿಯ ಕಚೇರಿಗೆ ಬಂದಳು. ಬೈಯಲು ಬಂದಿದ್ದಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕೂತು, ನೀರು ಕುಡಿದು, ನಾನು ಸಹಿಯ ದಿನ ಹೇಳಿದ ಎರಡು ವಾಕ್ಯಗಳನ್ನು ನನ್ನದೇ ಧಾಟಿಯಲ್ಲಿ ಹೇಳಿ ತೋರಿಸಿದಳು.

“ನೀವು ಸುಳ್ಳು ಹೇಳಿರಲಿಲ್ಲ ಮೇಡಂ. ‘ಏನೂ ಕಟ್ಟಬೇಕಾಗಿಲ್ಲ’ ಅಂದ್ರಿ. ಅಪ್ಪನಿಗೆ ಅದು ಬಡ್ಡಿ ಇಲ್ಲ ಅಂತ ಕೇಳಿಸಿತು. ‘ಕೆಲಸ ಸಿಕ್ಕಿದ ಮೇಲೆ’ ಅಂದ್ರಿ. ಕೆಲಸ ಸಿಕ್ಕುವವರೆಗೆ ಯಾರೂ ಕೇಳುವುದಿಲ್ಲ ಅಂತ ನನಗೆ ಕೇಳಿಸಿತು. ಒಂದು ವರ್ಷ ಕಳೆದರೆ ಕೆಲಸ ಸಿಗದಿದ್ದರೂ ಕಂತು ಶುರು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದಿದ್ದೆ. ಆದರೆ ನೀವು ಬಾಯಲ್ಲಿ ಹೇಳಿದ್ದನ್ನೇ ನಂಬಿದೆ. ಹೈದರಾಬಾದಿಗೆ ಹೋಗಿ ಮೊಬೈಲ್ ನಂಬರು ಬದಲಿಸಿದ್ದನ್ನು ಬ್ಯಾಂಕಿಗೆ ತಿಳಿಸಲೂ ಇಲ್ಲ. ಅದು ನನ್ನ ತಪ್ಪು.”

ಅವಳು ತನ್ನ ಪಾಲಿನ ತಪ್ಪನ್ನು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಆ ಎರಡು ವಾಕ್ಯಗಳನ್ನು ನಾನು ಮಣಿಪಾಲದಲ್ಲಿ, ಕಾರ್ಕಳದಲ್ಲಿ, ಕಾಪುವಿನಲ್ಲಿ ಎಷ್ಟು ಅಪ್ಪ ಅಮ್ಮಂದಿರಿಗೆ ಹೇಳಿದ್ದೆನೋ. ಧೈರ್ಯ ತುಂಬುವ ಮಾತು ಎಂದು ತಿಳಿದೇ ಹೇಳಿದ್ದೆ. ಅವರೆಲ್ಲ ಏನು ಕೇಳಿಸಿಕೊಂಡು ಮನೆಗೆ ಹೋದರು?

ಆ ರಾತ್ರಿ ಕಳೆದು ಮರುದಿನ ನಾನು ಒಂದು ಟಿಪ್ಪಣಿ ಬರೆದೆ. ಸಂಬಳದ ಮೊತ್ತವನ್ನು ವಿಚಾರಿಸದೆ ನಾನೇ ಬರೆದದ್ದು, ಷರತ್ತುಗಳನ್ನು ಅರ್ಧ ಮಾತ್ರ ಹೇಳಿದ್ದು, ಎರಡು ಖಾತೆಗಳ ವ್ಯತ್ಯಾಸ ತಿಳಿಸದಿದ್ದದ್ದು. ಇದರಿಂದ ಬಿದ್ದ ದಂಡದ ಬಡ್ಡಿಯನ್ನು ಬಿಟ್ಟು, ಕಂತನ್ನು ಮತ್ತೆ ನಿಗದಿ ಮಾಡಬೇಕೆಂದು ಕೋರಿದೆ. ನಮ್ಮ ಕಚೇರಿಯ ಮುಖ್ಯಸ್ಥರು ಶೆಟ್ಟರು. ಕಾಗದ ಓದಿ ಬಾಗಿಲು ಹಾಕಿಕೊಳ್ಳಲು ಹೇಳಿದರು.

“ಮೇಡಂ, ನಿಮಗೆ ಇನ್ನು ಹದಿನಾಲ್ಕು ತಿಂಗಳು ಉಂಟು. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಯಾಕೆ ಕಾಗದದ ಮೇಲೆ ತರ್ತೀರಿ? ಪಿಂಚಣಿಗೆ ಕುತ್ತು ಬಂದರೆ ನಾನು ಎಂತ ಮಾಡುವುದು?”

ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ನನಗೆ ಹೆದರಿಕೆಯೂ ಆಗಿತ್ತು, ಟಿಪ್ಪಣಿ ಹಿಂದಕ್ಕೆ ತೆಗೆದುಕೊಂಡು ಎರಡು ದಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಮೂರನೆಯ ದಿನ ಆ ತಿಂಗಳ ಪಟ್ಟಿ ಬಂತು. ಅದರಲ್ಲಿ ನಾನು ಮಂಜೂರು ಮಾಡಿಸಿದ ಇನ್ನೆರಡು ಹೆಸರು ಇದ್ದವು. ನಾನು ಡ್ರಾಯರು ತೆಗೆದು ಟಿಪ್ಪಣಿಯನ್ನು ಶೆಟ್ಟರ ಮೇಜಿನ ಮೇಲೆ ಇಟ್ಟು ಬಂದೆ.

ಮೆಮೋ ಬಂತು, ವಿಚಾರಣೆ ಆಯಿತು. ಮೂವತ್ತೈದು ಸಾವಿರ ಎಲ್ಲಿಂದ ಬಂತು ಎಂದು ಕೇಳಿದರು. ಸಂಬಳ ನೋಡಿ ಸಾಲ ಕೊಡಬೇಕಿತ್ತು, ನಾನು ಸಾಲ ನೋಡಿ ಸಂಬಳ ಬರೆದೆ ಎಂದೆ. ಎದುರು ಕೂತ ಮೂವರೂ ಅದನ್ನು ಬರೆದುಕೊಂಡರು. ಅವರೂ ಒಂದು ಕಾಲದಲ್ಲಿ ಶಾಖೆಗಳಲ್ಲಿ ಅದೇ ಮೇಜಿನಲ್ಲಿ ಕೂತವರು. ನನಗೆ ಲಿಖಿತ ಎಚ್ಚರಿಕೆ ಕೊಟ್ಟರು, ಪಿಂಚಣಿ ಉಳಿಯಿತು. ಶೆಟ್ಟರು ತಾವೇ ಓಡಾಡಿ ದಂಡದ ಬಡ್ಡಿ ಬಿಡಿಸಿದರು, ಕಂತನ್ನು ಐದು ಸಾವಿರದ ಆಸುಪಾಸಿಗೆ ಇಳಿಸಿ ವರ್ಷಗಳನ್ನು ಹೆಚ್ಚಿಸಿದರು. ಅಸಲು ಮತ್ತು ಬಡ್ಡಿ ಹಾಗೆಯೇ ಉಳಿದವು. ಬಸಪ್ಪ ಭಾನುವಾರದ ದುಡಿಮೆಯಿಂದ ತುಂಬಿದ ಎಪ್ಪತ್ತೈದು ಸಾವಿರ ಯಾವ ಲೆಕ್ಕಕ್ಕೂ ಬರಲಿಲ್ಲ.

ಆ ಹದಿನಾಲ್ಕು ತಿಂಗಳಲ್ಲಿ ನಾನು ಒಂದು ಕೆಲಸ ಮಾಡಿದೆ, ಹೊಸಬರಿಗೆ ಅದನ್ನೇ ಹೇಳುವುದು. ವಸೂಲಿಯ ಕೆಲಸದ ಜತೆಗೆ, ಉಡುಪಿ ಕಚೇರಿಗೆ ಬಂದ ಹೊಸ ಅರ್ಜಿದಾರರನ್ನು ಕೂರಿಸಿ, ಷರತ್ತು ಹೇಳಿ ಮುಗಿಸಿದ ಮೇಲೆ, ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ನನಗೆ ತಿರುಗಿ ಹೇಳಿ ಎಂದು ಕೇಳುತ್ತಿದ್ದೆ. ತುಳುವಿನಲ್ಲಾಗಲಿ, ಕೊಂಕಣಿಯಲ್ಲಾಗಲಿ. ಮೊದಲ ದಿನ ಬಂದವರಲ್ಲಿ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಅವರಲ್ಲಿ ಒಬ್ಬರು ಹೈಸ್ಕೂಲು ಮಾಸ್ತರು. ಮೊದಲ ಸಲ ಹೇಳಿದಾಗ ತಿಳಿಯುತ್ತದೆ ಎಂದು ನಂಬಿ ನಾನು ಇಡೀ ಕಾಲ ಕಳೆದಿದ್ದೆ. ಹೀಗೆ ಕೇಳಲು ಒಂದೊಂದು ಫೈಲಿಗೆ ಇಪ್ಪತ್ತು ನಿಮಿಷ ಹೆಚ್ಚು ಬೇಕು. ಕೊಡಿ.

ನಿವೃತ್ತಳಾಗಿ ಒಂದು ವರ್ಷದ ಮೇಲೆ ರೇಣುಕಾ ಉಡುಪಿಗೆ ಬಂದವಳು ಫೋನ್ ಮಾಡಿದಳು. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತೆವು. ಫೋನುಗಳು ತುಳು, ಕನ್ನಡ ಮಾತನ್ನು ತಿಳಿದುಕೊಳ್ಳುವ ಹಾಗೆ ಮಾಡುವ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ ಆಗಿತ್ತು. ಮೊದಲು ಹತ್ತೊಂಬತ್ತು ಸಾವಿರ, ವರ್ಷದ ಕರಾರಿನ ಮೇಲೆ. ಈಗ ಇಪ್ಪತ್ತಾರು. ಕಾಪುವಿನ ಮೀನುಗಾರರ ಮನೆಗಳಿಗೆ ಹೋಗಿ ಅವರ ಮಾತನ್ನು ಧ್ವನಿಮುದ್ರಿಸಿಕೊಂಡು ಬಂದಿದ್ದಳು. ಕಡಲಿನ ನೀರಿನ ಬಣ್ಣಕ್ಕೆ ಅವರಲ್ಲಿ ಎಷ್ಟು ಹೆಸರು ಉಂಟು ಎಂದು ಹೇಳುವಾಗ ಅವಳ ಇಡ್ಲಿ ತಣ್ಣಗಾಯಿತು. ಭಾನುವಾರದ ಲಾರಿ ಕೆಲಸವನ್ನು ಅಪ್ಪನಿಂದ ಬಿಡಿಸಿದ್ದಾಳೆ. ಸಾಲ ತೀರಲು ಇನ್ನು ಹನ್ನೊಂದು ವರ್ಷ.

ಓದಬಾರದಿತ್ತು ಅನ್ನಿಸುತ್ತದಾ ಎಂದು ಕೇಳಿದೆ. ಓದಿನ ಬಗ್ಗೆ ಅನ್ನಿಸುವುದಿಲ್ಲ, ಅದೇ ವಿಷಯ ಸರಕಾರಿ ವಿಶ್ವವಿದ್ಯಾಲಯದಲ್ಲಿ ಬಹಳ ಕಡಿಮೆ ಶುಲ್ಕಕ್ಕೆ ಇತ್ತೆಂದು ಆಮೇಲೆ ಗೊತ್ತಾಯಿತು, ಅದರ ಬಗ್ಗೆ ದಿನವೂ ಅನ್ನಿಸುತ್ತದೆ ಎಂದಳು. ನನಗೆ ಅದು ಇನ್ನೊಂದು ಪೆಟ್ಟು. ನಾನೂ ಹುಡುಕಬಹುದಿತ್ತು, ನನ್ನ ಮೇಜಿನ ಮೇಲೆಯೇ ಕಂಪ್ಯೂಟರ್ ಇತ್ತು.

ಆಮೇಲೆ ಅವಳು, ಕಾಪುವಿನ ಒಂದು ಮನೆಯಲ್ಲಿ ಧ್ವನಿಮುದ್ರಣಕ್ಕೆ ಕೂತಿದ್ದಾಗ ಆ ಮನೆಯ ಹುಡುಗಿ ತಾನೂ ಇದನ್ನೇ ಓದಬೇಕೆಂದು ಹಿಂದೆ ಬಿದ್ದದ್ದನ್ನು ಹೇಳಿದಳು.

“ನೀನು ಎಂತ ಹೇಳಿದೆ?”

“ಏನೂ ಹೇಳಲಿಲ್ಲ ಮೇಡಂ. ಮೊಬೈಲಿನಲ್ಲಿ ನನ್ನ ಸಂಬಳದ ಚೀಟಿ ತೆಗೆದು ತೋರಿಸಿದೆ. ಕಂತು ಹೋದ ಮೇಲೆ ಉಳಿಯುವುದನ್ನೂ ತೋರಿಸಿದೆ.”

“ಅವಳು?”

“ಇಷ್ಟೇಯಾ ಅಕ್ಕ, ಅಂತ ಕೇಳಿದಳು. ತುಂಬಾ ಹೊತ್ತು ನೋಡಿದಳು.” ರೇಣುಕಾ ಲೋಟ ಕೆಳಗಿಟ್ಟಳು. “ಆಮೇಲೆ, ಕಡಿಮೆ ಶುಲ್ಕದ ಕಡೆಗೆ ಅರ್ಜಿ ಹಾಕುವುದು ಹೇಗೆ ಎಂದು ಕೇಳಿದಳು.”